ಟ್ರ್ಯಾಕ್ಟರ್ ಕೈ

ಮಿಶ್ರಿಕೋಟಿಯ ಶಂಭುಲಿಂಗಪ್ಪ ಸಾಹುಕಾರರ ಅಂಬಾಸಿಡರ್ ಕಾರಿನ ಇಂಜಿನ್ ಮುರಿದದ್ದು ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ. ಮುರಿದವನು ಸಾಹುಕಾರರ ಒಬ್ಬನೇ ಮಗ ಶಂಕ್ರಪ್ಪ. ಶಿಕ್ಷೆ ಉಂಡವನು ಡ್ರೈವರ್ ಗಂಗಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಊರಿಗೆ ಊರೇ ಆರು ವರ್ಷ ಇದನ್ನು ತಲೆಕೆಳಗು ಮಾಡಿ ಹೇಳಿಕೊಂಡು ನಕ್ಕಿದೆ.

ಗಂಗಪ್ಪ ಆ ಗಾಡಿಯನ್ನು ಹನ್ನೆರಡು ವರ್ಷ ನಡೆಸಿದ್ದ. ಅವನ ಕೇರಿಯಲ್ಲಿ ಡ್ರೈವಿಂಗ್ ಲೈಸನ್ಸಿನ ಮುಖ ಕಂಡವನು ಅವನೇ ಮೊದಲಿಗ. ಸಾಹುಕಾರರು ಕೆಟ್ಟವರಲ್ಲ, ಆದರೆ ಪೆಟ್ರೋಲಿನ ವಿಷಯಕ್ಕೆ ಬಂದರೆ ಕೈ ಬಿಗಿ. ಇಳಿಜಾರು ಬಂತೆಂದರೆ ಹಿಂದಿನ ಸೀಟಿನಿಂದ ಅವರ ದನಿ ಏಳಲೇಬೇಕು: ನ್ಯೂಟ್ರಲ್ ಹಾಕು, ಗಾಡಿ ತಾನೇ ಇಳಿಯುವ ಕಡೆ ಪೆಟ್ರೋಲ್ ಯಾಕೆ ಸುಡುತ್ತೀ ಎಂದು. ಹಾಗೆ ಗೇರಿಲ್ಲದೆ ಉರುಳಿದ ಗಾಡಿಯನ್ನು ಇಳಿಜಾರಿನ ಬುಡದಲ್ಲಿ, ಎಂಬತ್ತರ ವೇಗದಲ್ಲಿ, ಮತ್ತೆ ಗೇರಿಗೆ ಹಾಕುವುದು ಹುಡುಗಾಟವಲ್ಲ. ಆ ಕಾರಿನ ಗೇರ್ ರಾಡು ಇದ್ದದ್ದು ಸ್ಟೇರಿಂಗಿನ ಎಡ ಮಗ್ಗುಲಿಗೆ. ಎರಡನೇ ಗೇರೂ ಕೆಳಗೆ, ಟಾಪ್ ಗೇರೂ ಕೆಳಗೆ. ರಾಡನ್ನು ತನ್ನ ಕಡೆ ಎರಡು ಬೆರಳಿನಷ್ಟು ಎಳೆದು ಕೆಳಗೊತ್ತಿದರೆ ಎರಡನೆಯದು, ಎಳೆಯದೆ ಒತ್ತಿದರೆ ಟಾಪು. ಅಷ್ಟು ವೇಗದಲ್ಲಿ ಟಾಪಿನ ಬದಲು ಎರಡನೆಯದು ಬಿದ್ದರೆ ಮುಗಿಯಿತು. ಆಗ ಇಂಜಿನ್ ಚಕ್ರ ತಿರುಗಿಸುವುದಿಲ್ಲ, ಚಕ್ರವೇ ಇಂಜಿನನ್ನು ಹಿಡಿದು ತಿರುಗಿಸುತ್ತದೆ. ತಾಳಲಾರದಷ್ಟು ತಿರುಗಿ ಒಳಗಿನ ವಾಲ್ವು, ರಾಡು ಎಲ್ಲ ಬಾಗಿ ಮುರಿದು ಹೋಗುತ್ತವೆ.

ಗಂಗಪ್ಪ ಅದಕ್ಕೆ ತನ್ನದೇ ಒಂದು ದಾರಿ ಕಂಡುಕೊಂಡಿದ್ದ. ರಾಡನ್ನು ಮುಷ್ಟಿಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಅಂಗೈಯನ್ನು ಆಚೆ ಮುಖ ಮಾಡಿ ಎರಡು ಬೆರಳಿನಿಂದ ಅದಕ್ಕೆ ದಾರಿ ತೋರಿಸುತ್ತಿದ್ದ, ಅದು ತಾನಾಗಿ ಹೋಗಿ ಬೀಳುತ್ತಿತ್ತು. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ನೋಡುತ್ತಿದ್ದ. ಗಾಡಿ ಹಿಂದಕ್ಕೆ ಹಿಡಿದಂತಾದರೆ ತಪ್ಪು ಮನೆಗೆ ಬಂದಿದ್ದೇವೆಂದು ತಿಳಿದು ಪುನಃ ಒತ್ತುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಆ ಇಂಜಿನ್ ಕಿರುಚಿರಲಿಲ್ಲ.

ಶಂಕ್ರಪ್ಪ ಕೈ ಪಳಗಿಸಿಕೊಂಡದ್ದು ಭತ್ತದ ಗದ್ದೆಯಲ್ಲಿ, ಟ್ರ್ಯಾಕ್ಟರಿನ ಮೇಲೆ. ಟ್ರ್ಯಾಕ್ಟರಿಗೆ ಓಡುತ್ತ ಗೇರ್ ಬದಲಿಸುವ ಪದ್ಧತಿ ಇಲ್ಲ. ನಿಲ್ಲಿಸಬೇಕು, ರಾಡನ್ನು ಮುಷ್ಟಿಯಲ್ಲಿ ಹಿಡಿದು ರಟ್ಟೆಯ ಬಲವೆಲ್ಲ ಹಾಕಿ ತನ್ನ ಕಡೆ ಜಗ್ಗಬೇಕು, ಹೊರಡಬೇಕು. ಆ ಕೈಯನ್ನೇ ಅವನು ಕಾರಿಗೂ ತಂದ. ಬ್ಯಾಡ್ರಿ ಸಣ್ಣ ಸಾವ್ಕಾರ್ರ, ಇದು ಟ್ರ್ಯಾಕ್ಟರ್ ಅಲ್ಲ ಎಂದು ಗಂಗಪ್ಪ ಎಷ್ಟು ಹೇಳಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆ ದಿನ ಇಬ್ಬರೇ ಯಲ್ಲಾಪುರದಿಂದ ಬರುತ್ತಿದ್ದರು. ಕಲಘಟಗಿ ಇನ್ನೂ ದೂರವಿತ್ತು. ತೇಗದ ಅಡವಿಯ ದಿಬ್ಬ ಇಳಿಯುವಾಗ ಶಂಕ್ರಪ್ಪ ಅಪ್ಪನಂತೆಯೇ ನ್ಯೂಟ್ರಲ್ ಹಾಕಿದ. ಬುಡದಲ್ಲಿ ಮುಷ್ಟಿ ಕಟ್ಟಿ ರಾಡು ಜಗ್ಗಿದ. ಪಕ್ಕದಲ್ಲಿ ಕೂತಿದ್ದ ಗಂಗಪ್ಪ ರಾಡು ತಪ್ಪು ಕಡೆ ಹೊರಟದ್ದನ್ನು ಕಂಡು ಹಿಡಿಯಲು ಕೈ ಚಾಚಿದ. ಕೈ ತಗೀಲೇ ಎಂದು ಶಂಕ್ರಪ್ಪ ಆ ಕೈಗೆ ಫಟ್ಟನೆ ಹೊಡೆದು ಕ್ಲಚ್ಚು ಬಿಟ್ಟ.

ಇಂಜಿನ್ ಸತ್ತ ಮೇಲೆ ಅಡವಿಯಲ್ಲಿ ಎಷ್ಟು ಮೌನವಿತ್ತೆಂಬುದು ಗಂಗಪ್ಪನಿಗೆ ನೆನಪಿದೆ. ಎಣ್ಣೆ ರಸ್ತೆಯ ಮೇಲೆ ಹರಿಯುತ್ತಿತ್ತು. ಶಂಕ್ರಪ್ಪನ ಮುಖ ಬಿಳಿಚಿಕೊಂಡಿತ್ತು. ನೀ ಏನೂ ಮಾತಾಡಬೇಡ, ಅಪ್ಪಗ ನಾನ ಹೇಳ್ತೀನಿ ಎಂದ. ಗಂಗಪ್ಪ ನಂಬಿದ. ನಂಬದೆ ಏನು ಮಾಡುತ್ತಾನೆ, ಶಂಕ್ರಪ್ಪ ತಾನೇ ಹೆಗಲ ಮೇಲೆ ಹೊತ್ತು ಆಡಿಸಿದ ಹುಡುಗ.

ಮರುದಿನ ಸಾಹುಕಾರರ ವಾಡೆಯ ಅಂಗಳದಲ್ಲಿ ಹತ್ತಾರು ಜನರ ಎದುರು ಶಂಕ್ರಪ್ಪ ಹೇಳಿದ್ದು ಬೇರೆ. ಗಂಗಪ್ಪ ತೂಕಡಿಸುತ್ತಿದ್ದನಂತೆ, ಗೇರು ತಪ್ಪಿಸಿದನಂತೆ, ಜೀವ ಉಳಿದದ್ದೇ ದೊಡ್ಡದಂತೆ. ಗಂಗಪ್ಪ ಬಾಯಿ ತೆರೆಯುವುದರೊಳಗೆ ಸಾಹುಕಾರರು ಕೈ ಎತ್ತಿ ತಡೆದರು. ನನ್ನ ಮಗ ಸುಳ್ಳು ಹೇಳುತ್ತಾನೇನು ಎಂದು ಕೇಳಿದರು. ಆಮೇಲೆ, ಮೈಮೇಲಿನ ಖಾಕಿ ಅಂಗಿ ನನ್ನದು, ಕಳಚಿಟ್ಟು ಹೋಗು ಎಂದರು. ಗಂಗಪ್ಪ ಅಂಗಿ ಬಿಚ್ಚಿ ಕಟ್ಟೆಯ ಮೇಲಿಟ್ಟು, ತೂತು ಬಿದ್ದ ಬನಿಯನ್ನಿನಲ್ಲಿ, ಹಾಡುಹಗಲು ಊರ ನಡುವೆ ನಡೆದು ಮನೆ ಸೇರಿದ. ನೀರಿಗೆ ಬಂದ ಹೆಂಗಸರು ಕೊಡ ಹಿಡಿದುಕೊಂಡೇ ನಿಂತು ನೋಡಿದರು.

ಕಲಘಟಗಿಯ ಮೆಕ್ಯಾನಿಕ್ ದಾವೂದಸಾಬ ಆ ಇಂಜಿನ್ ಬಿಚ್ಚಿದ. ಬಾಗಿದ ರಾಡುಗಳನ್ನು ಗಂಗಪ್ಪನ ಮುಂದೆ ಹಿಡಿದು, ಇದು ನಿನ್ನ ಕೈಯ ಕೆಲಸ ಅಲ್ಲೋ ಮಾರಾಯಾ, ಟ್ರ್ಯಾಕ್ಟರ್ ಕೈ ಮಾಡಿದ್ದು ಎಂದ. ಹಾಗಾದರೆ ಸಾಹುಕಾರರಿಗೆ ಹೇಳು ಎಂದಾಗ ಮಾತ್ರ ನಟ್ಟು ಬಿಚ್ಚುವ ಪಾನೆ ಹುಡುಕತೊಡಗಿದ. ಅವನ ಶೆಡ್ಡು ನಿಂತದ್ದು ಸಾಹುಕಾರರ ಜಾಗದಲ್ಲಿ. ಬಾಯಿಗೆ ಬೀಗ ಬೀಳುವುದಕ್ಕೆ ಅಷ್ಟು ಸಾಕು.

ಸುತ್ತಲಿನ ಊರುಗಳಲ್ಲಿ ಗಂಗಪ್ಪನ ಕೈಗೆ ಯಾರೂ ಗಾಡಿ ಕೊಡಲಿಲ್ಲ. 'ಗೇರ್ ತಪ್ಪಿದ ಗಂಗ್ಯಾ' ಎಂಬ ಹೆಸರು ಅಂಟಿತು, ಬಸ್ಸಿನ ಕಂಡಕ್ಟರು ಕೂಡ ಹಾಗೆಯೇ ಕರೆದ. ಕೊನೆಗೆ ಹೆಂಡತಿ ಸಣ್ಣವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದ. ಮೊದಲು ಗ್ಯಾರೇಜಿನಲ್ಲಿ ಪಾನೆ ಹಿಡಿದ. ಆಮೇಲೆ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಕಲಿಯುವವರ ಪಕ್ಕದಲ್ಲಿ ಕೂತೂ ಕೂತೂ ಅವನ ಬಲಗೈಗೆ ಒಂದು ಚಾಳಿ ಬಂತು. ರಾಡು ತಪ್ಪು ಮನೆಗೆ ಹೊರಟಿತೆಂದರೆ ಕಣ್ಣು ಕಾಣುವ ಮೊದಲೇ ಕೈ ಹೋಗಿ ಹಿಡಿದು ನಡುವಿಗೆ ತಂದು ನಿಲ್ಲಿಸುತ್ತಿತ್ತು. ಆ ಕೆಲಸದಲ್ಲಿ ನೂರಾರು ಸಲ ಹಾಗೆ ಹಿಡಿದಿದ್ದ. ಒಂದು ಇಂಜಿನ್ನೂ ಅವನ ಪಕ್ಕದಲ್ಲಿ ಕೆಡಲಿಲ್ಲ.

ಸಿಟ್ಟು ಮಾತ್ರ ಆರಿರಲಿಲ್ಲ. ಊಟಕ್ಕೆ ಕೂತರೂ ಆ ಅಂಗಳ, ಮಲಗಿದರೂ ಆ ಅಂಗಳ. ಇನ್ನ ಬಿಡ್ರಿ ಅದನ್ನ ಎಂದು ಸಣ್ಣವ್ವ ಹೇಳಿ ಹೇಳಿ ಬೇಸತ್ತಳು. ಅವನಿಗೆ ರೊಕ್ಕ ಬೇಡ, ಕೆಲಸ ಬೇಡ. ಅದೇ ಅಂಗಳದಲ್ಲಿ, ಅದೇ ಜನರ ಮುಂದೆ, ಶಂಭುಲಿಂಗಪ್ಪನ ಬಾಯಿಂದ 'ಮುರಿದವನು ನನ್ನ ಮಗ' ಎಂಬ ಮಾತು ಬರಬೇಕು. ಬಂದ ದಿನ ಶಂಕ್ರಪ್ಪನ ಮುಖವನ್ನು ತಾನು ಕಣ್ತುಂಬ ನೋಡಬೇಕು. ಅಷ್ಟೇ ಅವನ ಬಯಕೆ. ಅದು ದೊಡ್ಡದು ಎಂದು ಅವನಿಗೆ ಅನ್ನಿಸಿರಲಿಲ್ಲ.

ಎಂಬತ್ತೇಳರಲ್ಲಿ ಡ್ರೈವಿಂಗ್ ಸ್ಕೂಲಿನವರು ಕಲಘಟಗಿಯಲ್ಲೂ ಕಲಿಸತೊಡಗಿದರು. ಮಂಗಳವಾರ, ಶುಕ್ರವಾರ ಗಂಗಪ್ಪ ಕೆಂಪು ಅಕ್ಷರದ ಹಲಗೆ ಕಟ್ಟಿದ ಹಳೆಯ ಅಂಬಾಸಿಡರ್ ತೆಗೆದುಕೊಂಡು ಬರುತ್ತಿದ್ದ. ಒಂದು ಮಂಗಳವಾರ ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತೈದರ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹತ್ತಿರ ಬಂದಳು. ಜೊತೆಗೆ ಒಬ್ಬ ಮುದುಕಿ ಆಳು. ಹೆಸರು ಕೇಳಿದಾಗ ಸಾವಿತ್ರೆವ್ವ ಎಂದಳು. ತವರು ಕುಂದಗೋಳದ ಕಡೆಯ ಕುಬಿಹಾಳ. ಗಂಡನ ಹೆಸರು ಬರೆಯುವ ಸಾಲಿಗೆ ಬಂದಾಗ ಫಾರ್ಮನ್ನು ತಾನೇ ತೆಗೆದುಕೊಂಡು ಬರೆದುಕೊಟ್ಟಳು. ಗಂಗಪ್ಪ ಓದಿದ. ಶಂಕ್ರಪ್ಪ ಶಂಭುಲಿಂಗಪ್ಪ, ಮಿಶ್ರಿಕೋಟಿ.

ಅವನು ಇನ್ನೊಮ್ಮೆ ಓದಿದ. ದೇವರು ಇದ್ದಾನೆ ಎಂದುಕೊಂಡ.

ಸಾಹುಕಾರರ ಮನೆಯ ಸೊಸೆ ಗಾಡಿ ಕಲಿಯಲು ಬಂದದ್ದಕ್ಕೆ ಕಾರಣವಿತ್ತು. ಆ ವರ್ಷ ಮಂಡಲ ಪಂಚಾಯತಿಗೆ ಚುನಾವಣೆಯಾಗಿ, ಹೆಂಗಸರಿಗೆ ಮೀಸಲಾದ ಜಾಗದಲ್ಲಿ ಅವಳು ಗೆದ್ದಿದ್ದಳು. ಆದರೆ ಆ ಮನೆಯ ಸೊಸೆಯರು ಬಸ್ಸು ಹತ್ತುವಂತಿಲ್ಲ. ಕಾರಿನಲ್ಲಿ ಶಂಕ್ರಪ್ಪ ಕರೆದೊಯ್ದರೆ ಹೋಗಬೇಕು, ಅವನೇ ಮೀಟಿಂಗಿನಲ್ಲಿ ಕೂತು ಮಾತಾಡುತ್ತಾನೆ, ಇವಳು ಸಹಿ ಹಾಕಬೇಕು. ಅವನಿಗೆ ಇಸ್ಪೀಟಿನ ಮನಸ್ಸಾದರೆ ಮೀಟಿಂಗೇ ಇಲ್ಲ. ಮಾವನಿಗೆ ಕಣ್ಣಿನ ಪೊರೆ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಲು ಅವರೂ ಮಗನ ದಾರಿ ಕಾಯಬೇಕು. ಶಂಕ್ರಪ್ಪನ ಬಾಯಿಗೆ ಹೆದರಿ ಮೂವರು ಡ್ರೈವರುಗಳು ಬಿಟ್ಟು ಓಡಿದ್ದರು. ಕಡೆಗೆ ಬೇಸತ್ತ ಮುದುಕರೇ ಸೊಸೆಗೆ ಕಲಿ ಎಂದಿದ್ದರು.

ಗಂಗಪ್ಪ ಆ ದಿನವೇ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಇವಳಿಗೆ ತಪ್ಪು ಕಲಿಸಬೇಕು. ಒಂದಲ್ಲ ಒಂದು ದಿನ ಇವಳೇ ಆ ಇಂಜಿನ್ ಮುರಿಯುತ್ತಾಳೆ, ಗಂಡ ಹೆಂಡತಿ ಅಂಗಳದಲ್ಲಿ ಕಚ್ಚಾಡಲಿ, ಮುದುಕ ನೋಡಲಿ. ಅದರಂತೆ ರಾಡನ್ನು ಮುಷ್ಟಿಯಲ್ಲಿ ಹಿಡಿಯಲು ಹೇಳಿದ. ತನ್ನ ಕಡೆ ಜಗ್ಗಲು ಹೇಳಿದ. ಕ್ಲಚ್ಚನ್ನು ಒಮ್ಮೆಲೇ ಬಿಡಲು ಹೇಳಿದ. ಅವಳು ಹೇಳಿದ್ದನ್ನು ಹೇಳಿದಂತೆ ಮಾಡಿದಳು, ಅಷ್ಟು ಚುರುಕು. ಮೂರು ಪಾಠ ಹಾಗೆ ನಡೆದವು. ಹುಬ್ಬಳ್ಳಿಗೆ ಹಿಂದಿರುಗುವಾಗ ಗಂಗಪ್ಪನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ನಾಲ್ಕನೆಯ ದಿನ ಅವಳು ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಮುದುಕಿಯನ್ನು ನೀರು ತರಲು ಬಾವಿಗೆ ಕಳಿಸಿದಳು.

"ಗಂಗಪ್ಪಣ್ಣಾ, ನೀವು ಮೂರು ದಿನದಿಂದ ನನಗ ಸರಿ ಕಲಸಾಕತ್ತೀರೇನು?" ಎಂದಳು. "ನಮ್ಮ ಮನಿಯವರೂ ಹಿಂಗ ಮುಷ್ಟಿ ಕಟ್ಟಿ ಜಗ್ಗತಾರ. ಗಾಡಿ ಕಿರುಚತೈತಿ."

ಗಂಗಪ್ಪ ಕಿಟಕಿಯ ಆಚೆ ನೋಡಿದ.

"ನೀವು ಯಾರು ಅಂತ ಗೊತ್ತಿದ್ದ ಬಂದೀನಿ. ಆ ಇಂಜಿನ್ ಮುರದವರು ನಮ್ಮ ಮನಿಯವರು. ಮದಿವಿ ಆದ ಹೊಸದಾಗಿ ನನ್ನ ಮುಂದ ನಕ್ಕೋತ ಹೇಳಿದ್ರು, ಡ್ರೈವರನ ತಲಿಗೆ ಕಟ್ಟಿದೆ ಅಂತ. ಆ ನಗಿ ನನಗ ಈಗೂ ಮರ್ತಿಲ್ಲ."

ಆರು ವರ್ಷದ ಮೇಲೆ ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದ ಗಂಗಪ್ಪ ಅವಳ ಕಡೆ ತಿರುಗಿದ. ಹಾಗಾದರೆ ಸಾಹುಕಾರರ ಮುಂದೆ ಹೇಳಿಬಿಡ್ರಿ ಅವ್ವಾರ, ಇವತ್ತೇ ಹೇಳ್ರಿ ಎಂದು ಕೈ ಮುಗಿದ. ಅವಳು ತಲೆಯಾಡಿಸಿದಳು. ಈಗ ಹೇಳಿದರೆ ಗಂಡ ತನ್ನನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ, ಗಾಡಿಯ ಕೀಲಿಕೈ ಜನ್ಮಕ್ಕೂ ತನಗೆ ಸಿಗುವುದಿಲ್ಲ ಎಂದಳು. ಲೈಸನ್ಸ್ ಕೈಗೆ ಬರಲಿ. ಮೊದಲ ಸಲ ಮಾವನನ್ನು ಆಸ್ಪತ್ರೆಗೆ ತಾನೇ ಕರೆದೊಯ್ಯುವಾಗ, ಗಾಡಿಯಲ್ಲಿ ತಾವಿಬ್ಬರೇ ಇರುವಾಗ, ಎಲ್ಲವನ್ನೂ ಹೇಳುತ್ತೇನೆ. ಅಲ್ಲಿಯವರೆಗೆ ತಡೆಯಿರಿ ಎಂದಳು. ಗಂಗಪ್ಪ ಆಗಲಿ ಎಂದ. ಮತ್ತೆ ತಲೆ ತಗ್ಗಿಸಿ, ಮೂರು ದಿನ ಕಲಿಸಿದ್ದನ್ನೆಲ್ಲ ಮರೆತುಬಿಡ್ರಿ ಎಂದ. ಅವಳು ಯಾಕೆಂದು ಕೇಳಲಿಲ್ಲ.

ಅಲ್ಲಿಂದ ಮುಂದಿನ ಎರಡು ತಿಂಗಳು ಗಂಗಪ್ಪ ತನ್ನ ವಿದ್ಯೆಯನ್ನೆಲ್ಲ ಅವಳಿಗೆ ಧಾರೆ ಎರೆದ. ನಿಂತ ಗಾಡಿಯಲ್ಲಿ ಕಣ್ಣು ಮುಚ್ಚಿಸಿ, ಎರಡು, ಟಾಪು, ಮೂರು, ಎರಡು ಎಂದು ತಾನು ಕೂಗುತ್ತ ಬೆರಳಿನಲ್ಲಿ ಮನೆ ಹುಡುಕಿಸಿದ. ಗೇರು ಬದಲಿಸುವಾಗ ಅವಸರ ಬೇಡ, ನಡುವಿನಲ್ಲಿ ಒಂದು ಉಸಿರು ನಿಲ್ಲಿ ಎಂದ. ಕೆಳಗಿನ ಗೇರಿಗೆ ಇಳಿಯುವ ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ಇಂಜಿನ್ನಿನ ಕೊರಳು ಹಿಸುಕಿ ಗಾಡಿ ನಿಲ್ಲಿಸಬೇಡಿ ಎಂದ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಹಾಳು ಪದ್ಧತಿಯನ್ನು ಹತ್ತಿರಕ್ಕೂ ಬಿಡಲಿಲ್ಲ. ತಪ್ಪು ಮನೆಗೆ ಬಿದ್ದರೆ ಹೆದರಬೇಡಿ, ಕ್ಲಚ್ಚು ಬಿಡುವ ತನಕ ಏನೂ ಕೆಟ್ಟಿರುವುದಿಲ್ಲ, ಬಿಟ್ಟ ಮೇಲೆ ಬ್ರಹ್ಮ ಬಂದರೂ ಆಗದು ಎಂದು ನೂರು ಸಲ ಹೇಳಿದ. ಅವಳ ಬೆರಳು ಕೊನೆಗೆ ಅವನ ಬೆರಳಿನಂತೆಯೇ ನಡೆಯತೊಡಗಿತು. ಗಂಗಪ್ಪನಿಗೆ ಅಷ್ಟು ಹೆಮ್ಮೆ ಬೇರೆ ಯಾವ ಶಿಷ್ಯನ ಮೇಲೂ ಹುಟ್ಟಿರಲಿಲ್ಲ.

ಸೋಮವಾರ ಧಾರವಾಡದಲ್ಲಿ ಲೈಸನ್ಸಿನ ಪರೀಕ್ಷೆ. ಹಿಂದಿನ ಶುಕ್ರವಾರ ಸಾಹುಕಾರರಿಂದ ಕರೆ ಬಂತು. ಸೊಸೆ ಏನು ಕಲಿತಿದ್ದಾಳೆ ನೋಡಬೇಕು, ಮನೆಯ ಗಾಡಿಯಲ್ಲೇ ನೋಡಬೇಕು, ಕಲಿಸಿದ ಮಾಸ್ತರನೂ ಬರಲಿ ಎಂದು. ಗಂಗಪ್ಪ ಆರು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟ. ಸಾಹುಕಾರರು ಒಂದು ಕಣ್ಣಿನ ಪೊರೆ ತೆಗೆಸಿ ದಪ್ಪ ಕನ್ನಡಕ ಹಾಕಿದ್ದರು. ಅವನನ್ನು ಬಹಳ ಹೊತ್ತು ನೋಡಿ, ಗಂಗ್ಯಾ ಏನು ಎಂದು ಕೇಳಿದರು. ಶಂಕ್ರಪ್ಪ ಮೀಸೆ ಮೇಲೆ ಕೈಯಾಡಿಸಿದ.

"ಮಾಸ್ತರ್ ಇಂವೇನು? ಗೇರ್ ತಪ್ಪಸೂದೂ ಕಲಿಸ್ಯಾನೋ ಇಲ್ಲೋ?"

ಆಳುಗಳು ನಕ್ಕರು. ಗಂಗಪ್ಪ ಹಲ್ಲು ಕಚ್ಚಿಕೊಂಡ. ಸಾವಿತ್ರೆವ್ವ ಅವನ ಕಡೆ ಒಮ್ಮೆ ನೋಡಿದಳು. ಮೂರೇ ದಿನ, ತಡೆಯಿರಿ ಎನ್ನುವ ನೋಟ ಅದು. ಅವನಿಗೆ ಅರ್ಥವಾಯಿತು.

ಕಲಘಟಗಿ ದಾಟಿ ಯಲ್ಲಾಪುರದ ರಸ್ತೆ ಹಿಡಿದರು. ಅವಳು ಸ್ಟೇರಿಂಗಿಗೆ, ಪಕ್ಕದಲ್ಲಿ ಗಂಗಪ್ಪ, ಹಿಂದೆ ಅಪ್ಪ ಮಗ. ಎರಡೂ ಕಡೆ ಇಳಿಜಾರಿದ್ದ ಅದೇ ತೇಗದ ಅಡವಿಯ ದಿಬ್ಬ ಬಂತು. ಏರಿನಲ್ಲಿ ಮೂರನೆಯದಕ್ಕೆ ಇಳಿದಳು, ಸದ್ದೇ ಇಲ್ಲ. ನೆತ್ತಿ ದಾಟಿದ ಕೂಡಲೇ ಸಾಹುಕಾರರು ಹಳೆಯ ಚಾಳಿಯಂತೆ, ನ್ಯೂಟ್ರಲ್ ಹಾಕವಾ ಎಂದರು. ಬ್ಯಾಡ್ರಿ ಮಾವಾರ, ಗೇರಿನ್ಯಾಗ ಇದ್ರ ಗಾಡಿ ನಮ್ಮ ಕೈಯಾಗ ಇರತೈತಿ ಎಂದು ಅವಳು ಮೆಲ್ಲಗೆ ಇಳಿಸಿದಳು. ಸಾಹುಕಾರರು ಭೇಷ್ ಎಂದರು. ಮುಂದಿನ ವಾರದಿಂದ ಕೀಲಿಕೈ ನಿನ್ನ ಹತ್ತಿರವೇ ಇರಲಿ ಎಂದೂ ಅಂದರು. ಹಿಂದಿನ ಸೀಟಿನಲ್ಲಿ ಶಂಕ್ರಪ್ಪ ಉಸಿರು ಬಿಟ್ಟದ್ದು ಗಂಗಪ್ಪನಿಗೆ ಕೇಳಿಸಿತು.

ದಿಬ್ಬ ದಾಟಿ ಗಾಡಿ ತಿರುಗಿಸುವಾಗ ಶಂಕ್ರಪ್ಪ ತಾನು ನಡೆಸುತ್ತೇನೆಂದು ಹಟ ಹಿಡಿದ. ಹೆಂಗಸು ಮುಂದೆ, ಗಂಡಸು ಹಿಂದೆ, ಊರಲ್ಲಿ ಜನ ನೋಡಿದರೆ ಏನಂದಾರು ಎಂದ. ಸಾಹುಕಾರರು ಬೇಡವೆನ್ನಲಿಲ್ಲ. ಸಾವಿತ್ರೆವ್ವ ಹಿಂದೆ ಹೋಗಿ ಕೂತಳು. ಗಂಗಪ್ಪ ಕೂತಲ್ಲೇ ಕೂತ.

ಶಂಕ್ರಪ್ಪನಿಗೆ ಹೆಂಡತಿಗಿಂತ ತಾನು ಗಂಡಸು ಎಂದು ತೋರಿಸಬೇಕಿತ್ತು. ದಿಬ್ಬವನ್ನು ಓಡಿಸಿಯೇ ಹತ್ತಿದ. ನೆತ್ತಿಯ ಮೇಲೆ ಅಪ್ಪ ಹೇಳುವ ಮೊದಲೇ ನ್ಯೂಟ್ರಲ್ ಹಾಕಿದ. ಗಾಡಿ ಉರುಳತೊಡಗಿತು. ಅರವತ್ತು, ಎಪ್ಪತ್ತು, ಎಂಬತ್ತು. ಸಾಹುಕಾರರು ಹೆದರಿ ಮುಂದಿನ ಸೀಟಿನ ಬೆನ್ನು ಹಿಡಿದು ಬಗ್ಗಿದರು. ಸಾವಿತ್ರೆವ್ವ ಕೂಡ ಮುಂದೆ ಬಾಗಿ ಗೇರ್ ರಾಡನ್ನೇ ನೋಡುತ್ತಿದ್ದಳು. ಬುಡ ಬಂತು. ಶಂಕ್ರಪ್ಪ ಕ್ಲಚ್ಚು ಒತ್ತಿ ರಾಡನ್ನು ಮುಷ್ಟಿಯಲ್ಲಿ ಹಿಡಿದ.

ರಾಡು ಎರಡು ಬೆರಳಿನಷ್ಟು ಅವನ ಕಡೆ ಸರಿದದ್ದನ್ನು ಗಂಗಪ್ಪ ಕಂಡ.

ಕ್ಲಚ್ಚು ಇನ್ನೂ ಕೆಳಗಿತ್ತು. ವೇಳೆ ಇತ್ತು, ಬೇಕಾದಷ್ಟು ಇತ್ತು. ಅವನ ಬಲಗೈ ತೊಡೆಯ ಮೇಲಿಂದ ತಾನಾಗಿ ಎದ್ದಿತು. ಗಂಗಪ್ಪ ಎಡಗೈಯಿಂದ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ತೊಡೆಗೆ ಒತ್ತಿದ. ಅವನ ತಲೆಯಲ್ಲಿ ಸೋಮವಾರ ಇರಲಿಲ್ಲ, ಸಾವಿತ್ರೆವ್ವ ಇರಲಿಲ್ಲ. ಆಳುಗಳ ನಗೆ ಇತ್ತು. ಮುರಿಯಲಿ, ಅಪ್ಪನ ಕಣ್ಣೆದುರೇ ಮುರಿಯಲಿ ಎಂದುಕೊಂಡ. ಆ ಕ್ಷಣದಲ್ಲಿ ಅವನಿಗಾದ ಸುಖ ಜೀವಮಾನದಲ್ಲಿ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಶಂಕ್ರಪ್ಪ ಕ್ಲಚ್ಚು ಬಿಟ್ಟ. ಇಂಜಿನ್ ಒಮ್ಮೆ ಆಕಾಶಕ್ಕೆ ಕೇಳುವಂತೆ ಕಿರುಚಿತು, ಬಾನೆಟ್ಟಿನ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು, ಗಾಡಿ ಜೋಲಿ ಹೊಡೆದು ರಸ್ತೆ ಬದಿಯ ಕೆಮ್ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಕೆಳಗೆ ಎಣ್ಣೆ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಏನಾಯಿತೆಂದು ಸಾಹುಕಾರರು ಕೇಳಿದರು. ಶಂಕ್ರಪ್ಪ ಒಂದು ಗಳಿಗೆಯೂ ತಡಮಾಡಲಿಲ್ಲ. ಈ ಗಂಗ್ಯಾ ನಡುವೆ ಕೈ ಹಾಕಿದ, ಗೇರು ತಪ್ಪಿಸಿದ ಎಂದ. ಸುಳ್ಳು ಅವನ ನಾಲಿಗೆಯ ಮೇಲೆ ಆರು ವರ್ಷದಿಂದ ಸಿದ್ಧವಾಗಿಯೇ ಕೂತಿತ್ತು.

ಸಾಹುಕಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅವನ ಎರಡೂ ಕೈ ತೊಡಿ ಮ್ಯಾಲ ಇದ್ವು," ಎಂದರು. "ಒಂದ ಕೈಲೆ ಇನ್ನೊಂದ ಹಿಡಕೊಂಡು ಕುಂತಿದ್ದ. ನಾ ನೋಡೀನಿ."

ಮತ್ತೆ ಮಗನ ಕಡೆ ತಿರುಗಿದರು.

"ಆವತ್ತೂ ಹಿಂಗ ಆತೇನು?"

ಶಂಕ್ರಪ್ಪನ ಮುಖದ ಬಣ್ಣ ಇಳಿಯುವುದನ್ನು ಗಂಗಪ್ಪ ಕಣ್ತುಂಬ ನೋಡಿದ. ಹೊಟ್ಟೆ ತಣ್ಣಗಾಯಿತು.

ಹುಲ್ಲು ಹೊತ್ತ ಒಂದು ಟ್ರ್ಯಾಕ್ಟರ್ ಅವರನ್ನು ಎಳೆದುಕೊಂಡು ಬಂತು. ಊರು ಸೇರುವಾಗ ಹೊತ್ತು ಇಳಿದಿತ್ತು. ಸಾಹುಕಾರರು ಒಳಗೆ ಹೋಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತು ಜನರನ್ನು ಕರೆಸಿದರು. ಆಳುಗಳು, ಓಣಿಯವರು, ಸುದ್ದಿ ಕೇಳಿ ಓಡಿಬಂದವರು, ಎಲ್ಲರ ಮುಂದೆ ದನಿ ಎತ್ತಿ, ಆವತ್ತು ಇಂಜಿನ್ ಮುರಿದವನು ನನ್ನ ಮಗ, ಗಂಗಪ್ಪ ಅಲ್ಲ, ನಾನು ಕಣ್ಣಿದ್ದೂ ಕುರುಡನಾಗಿದ್ದೆ ಎಂದರು. ಗಂಗ್ಯಾ ಎನ್ನಲಿಲ್ಲ, ಗಂಗಪ್ಪ ಎಂದರು. ಶಂಕ್ರಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಗಂಗಪ್ಪ ಬಯಸಿದ್ದು ಒಂದಕ್ಷರವೂ ಕಡಿಮೆಯಿಲ್ಲದೆ ನಡೆಯಿತು.

ಸಾಹುಕಾರರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅನ್ಯಾಯ ಮಾಡಿದವರಿಗೆ ಅದನ್ನು ತುಂಬಿಕೊಡುವ ಆತುರ ಬಹಳ.

"ಇಂಜಿನ್ ಕಟ್ಟಸ್ತೀನಿ. ನೀ ನಾಳಿಂದ ಬಾ, ಮೊದಲಿನಂಗ ಗಾಡಿ ನಿಂದ," ಎಂದರು. "ನೀ ಇದ್ದ ಮ್ಯಾಲ ಸೊಸಿ ಯಾಕ ಗಾಡಿ ಹೊಡೀಬೇಕು? ಇವತ್ತ ಜೀವ ಹೋಗತಿತ್ತು. ಸೋಮವಾರ ಧಾರವಾಡಕ್ಕ ಹೋಗೂದೂ ಬ್ಯಾಡ. ಎಲ್ಲಿಗೆ ಹೋಗೂದಿದ್ರೂ ಗಂಗಪ್ಪ ಇರತಾನ, ಆಕಿ ಗಂಡನೂ ಜೋಡಿ ಇರತಾನ."

ಒಳ್ಳೆಯ ಮಾತು, ಒಳ್ಳೆಯ ಮಾತು ಎಂದು ಜನ ತಲೆಯಾಡಿಸಿದರು. ಗಂಗಪ್ಪ ಮಾತ್ರ ತಲೆ ಎತ್ತಿ ನೋಡಿದ. ಅಂಗಳದ ಆ ಕಡೆ ಬಾಗಿಲಲ್ಲಿ ಸಾವಿತ್ರೆವ್ವ ನಿಂತಿದ್ದಳು. ಮಾವನ ಮಾತು ಅವಳಿಗೆ ಕೇಳಿಸಿತ್ತು. ಇನ್ನು ಮೂರು ದಿನದಲ್ಲಿ ಅವಳ ಕೈಗೆ ಬರಬೇಕಿದ್ದ ಕೀಲಿಕೈ ಈಗ ತನ್ನ ಕೈಗೆ ಬರುತ್ತಿದೆ ಎಂಬುದು ಅವನಿಗೆ ಆಗ ಹೊಳೆಯಿತು. ಮೂರು ದಿನ ತಡೆದಿದ್ದರೆ ಈ ಮಾತು ಹೇಗೂ ಮುದುಕರ ಕಿವಿಗೆ ಬೀಳುತ್ತಿತ್ತು. ಇಂಜಿನ್ನೂ ಉಳಿಯುತ್ತಿತ್ತು, ಅವಳ ಕೀಲಿಕೈಯೂ ಉಳಿಯುತ್ತಿತ್ತು.

ಅವಳು ಚಹಾ ತಂದಳು. ಆಳಿನ ಕೈಯಲ್ಲಿ ಕಳಿಸದೆ ತಾನೇ ತಂದು, ಬಗ್ಗಿ ಅವನ ಕೈಗೇ ಕೊಟ್ಟಳು. ಇಂಜಿನ್ ಎಲ್ಲಿ ಕಟ್ಟಿಸಬೇಕೆಂದು ಜನ ಜೋರಾಗಿ ವಾದ ಮಾಡುತ್ತಿದ್ದರು. ಅವಳ ದನಿ ಅವನೊಬ್ಬನಿಗೆ ಮಾತ್ರ ಕೇಳುವಷ್ಟಿತ್ತು.

"ಕ್ಲಚ್ ಕೆಳಗ ಇತ್ತು. ನಿಮ್ಮ ಕೈ ಎದ್ದದ್ದೂ ನಾ ನೋಡೀನಿ, ನೀವು ಅದನ್ನ ಹಿಡದದ್ದೂ ನೋಡೀನಿ."

ಗಂಗಪ್ಪ ಕಪ್ಪನ್ನು ಕೆಳಗಿಟ್ಟ.

"ಆವತ್ತ ನೀವು ಮುರದಿರಲಿಲ್ಲ. ಇವತ್ತ ಮುರದವರು ನೀವ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ಅಂಜಬ್ಯಾಡ್ರಿ. ನಾ ಯಾರ ಮುಂದೂ ಹೇಳಂಗಿಲ್ಲ."

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಏನಂತೀ ಗಂಗಪ್ಪಾ, ನಾಳಿಂದ ಬರತೀ ಹೌದಲ್ಲೋ ಎಂದು ಸಾಹುಕಾರರು ಎರಡನೆಯ ಸಲ ಕೇಳಿದರು. ಇಡೀ ಅಂಗಳ ಅವನ ಬಾಯನ್ನೇ ನೋಡುತ್ತಿತ್ತು. ಅವಳು ಹೇಳುವುದಿಲ್ಲ ಎಂದ ಮೇಲೆ ಇವತ್ತಿನ ನಿಜ ಹೇಳಬೇಕಾದವನು ಅವನೊಬ್ಬನೇ ಉಳಿದಿದ್ದ, ಮತ್ತು ಅವನ ಬಾಯಿಗೆ ಮಾತು ಬರಲಿಲ್ಲ.